ಸುಣ್ಣ ಹಿಡಿಯದ ಕೊಕ್ಕರೆ

ಬಲಗೈ ಬೆರಳುಗಳು ಮುರಿದ ಮೇಲೆ ಅವು ಮತ್ತೆ ಮಡಚುವಂತಾಗಲಿ ಅಂತ ನಾನು ಬೇಡಿಕೊಂಡದ್ದು ಒಂದೇ ಕೆಲಸಕ್ಕೆ. ನನ್ನ ತಮ್ಮನನ್ನು ಮಚ್ಚಿನಲ್ಲಿ ಕಡಿಯಬೇಕಾಗಿತ್ತು. ಇದನ್ನು ಓದಿ ಛೀ ಅನ್ನುವವರು ಅನ್ನಲಿ. ಒಡಹುಟ್ಟಿದವನ ಕೈಲಿ ಕೊಡಲಿ ಕಾವಿನ ಏಟು ತಿಂದು, ಆಮೇಲೆ ಬಂದು ನನಗೆ ಬುದ್ಧಿ ಹೇಳಲಿ, ಕೇಳುತ್ತೇನೆ.

ನನ್ನ ತವರು ಮದ್ದೂರು ಸೀಮೆಯ ಒಂದು ಹಳ್ಳಿ. ಚಳಿ ಇರುವಾಗಲೇ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೊಟ್ಟೆ ಇಟ್ಟು, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಲೇ ನಮ್ಮೂರಲ್ಲಿ ಅವನ್ನು ಹೇಳುವುದು. ಅಂಗಳವೆಲ್ಲ ಹಿಕ್ಕೆ ಹಾಕಿ, ಅರ್ಧ ತಿಂದ ಮೀನು ಬೀಳಿಸಿ, ಬೀದಿಗೆ ಬೀದಿಯೇ ನಾತ ಹೊಡೆದರೂ ಯಾರೂ ಒಂದು ಕಲ್ಲು ಬೀಸುವುದಿಲ್ಲ. ಸಾರಿಸಿದ ಅಂಗಳದ ಮೇಲೆ ಪಚಕ್ಕನೆ ಬಿದ್ದರೂ ನಮ್ಮವ್ವ, ಬುಡು, ಬಾಣಂತಿ ಅಂದು ಮತ್ತೆ ಸಗಣಿ ಕಲಸುತ್ತಿದ್ದಳು. ನನ್ನ ಮಗಳನ್ನು ಹೆತ್ತು ನಾನು ಬಾಣಂತನ ಮಾಡಿಸಿಕೊಂಡದ್ದೂ ನಮ್ಮ ಹಿತ್ತಲ ಹುಣಸೆ ಮರದ ಪಕ್ಕದ ಕೋಣೆಯಲ್ಲೇ. ನನ್ನ ಮಗು ಅತ್ತರೆ ಮೇಲೆ ಮರಿ ಕೊಕ್ಕರೆಗಳೂ ಅರಚುತ್ತಿದ್ದವು.

ಅವ್ವ ಹೋದಳು, ಮನೆ ತಮ್ಮನ ಪಾಲಿಗೆ ಬಂತು. ನಾನು ಮದುವೆಯಾಗಿ ಬಂದದ್ದು ಮಳವಳ್ಳಿ ಕಡೆಗೆ, ಬಂಡೂರಿಗೆ ಹತ್ತಿರ. ಗಂಡ ತೀರಿಕೊಂಡ ಮೇಲೆ ಬೇಜಾರಾದಾಗಲೆಲ್ಲ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದು ಅಭ್ಯಾಸವಾಗಿತ್ತು. ಹೋದ ವರ್ಷ ಯುಗಾದಿಗೆ ಮುಂಚೆ ಹಾಗೇ ಹೋದೆ. ಹಿತ್ತಲಿಗೆ ಕಾಲಿಟ್ಟರೆ ತಮ್ಮ ಕೊಡಲಿ ಹಿಡಿದು ಹುಣಸೆ ಮರದ ಮೇಲೆ ಕೂತಿದ್ದಾನೆ. ಮರ ತೆಗೆದು ಕೋಳಿ ಶೆಡ್ಡು ಹಾಕುತ್ತಾನಂತೆ. ಗೂಡು ತುಂಬ ಮರಿಗಳಿದ್ದವು. ಇಳಿಯೋ ಲೋ ಅಂತ ನಾನು ಕೂಗುವಷ್ಟರಲ್ಲಿ ಒಂದು ಕೊಂಬೆ ಕೆಳಗೆ ಬಂತು.

ಕೊಂಬೆಯ ಸದ್ದು ನನಗೆ ನೆನಪಿಲ್ಲ. ಅದರ ಜೊತೆ ಬಿದ್ದ ಮರಿಗಳ ಸದ್ದು ನೆನಪಿದೆ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಇನ್ನೂ ಬಿಳಿ ತುಪ್ಪಳದ ಮರಿಗಳು. ಒಂದರ ಕತ್ತು ಹಿಂದಕ್ಕೆ ತಿರುಗಿತ್ತು. ಇನ್ನೊಂದು ನುಂಗಿದ್ದ ಮೀನನ್ನು ಕಕ್ಕಿಕೊಂಡು, ಅದರ ಮೇಲೇ ತಲೆ ಹಾಕಿ ಸತ್ತಿತು. ಮೂರನೆಯದಕ್ಕೆ ಜೀವ ಇತ್ತು, ನಾಯಿ ಎಳೆದುಕೊಂಡು ಹೋಯಿತು. ದೊಡ್ಡ ಕೊಕ್ಕರೆಗಳಿಗೆ ಮರಿಗಳ ಹಾಗೆ ಅರಚುವುದಕ್ಕೆ ಗಂಟಲಿಲ್ಲ. ಅವು ನೆತ್ತಿಯ ಮೇಲೆ ಸುತ್ತುತ್ತ ಕೊಕ್ಕನ್ನು ಟಕಟಕ ಬಡಿಯುತ್ತಿದ್ದವು, ಅಷ್ಟೇ.

ಅವನು ಇಳಿದು ಬಂದು ಬುಡಕ್ಕೇ ಕೊಡಲಿ ಎತ್ತಿದ. ನಾನು ಕಾಂಡ ತಬ್ಬಿಕೊಂಡೆ. ಬಾಯಿಗೆ ಬಂದ ಹಾಗೆ ಬೈದೆ, ಅವನ ಹೆಂಡತಿಯನ್ನೂ ಸೇರಿಸಿ ಬೈದೆ. ಕೈ ತೆಗಿ ಅಂದ, ತೆಗೆಯಲಿಲ್ಲ. ಕೊಡಲಿ ತಿರುಗಿಸಿ ಕಾವಿನಿಂದ ನನ್ನ ಬೆರಳುಗಳ ಮೇಲೆ ಹೊಡೆದ. ಒಂದು ಏಟಾಗಿದ್ದರೆ ಸಿಟ್ಟು ಅನ್ನಬಹುದಿತ್ತು. ಮುಖ ನೋಡಿಕೊಂಡು ಇನ್ನೊಂದು ಹೊಡೆದ. ಅಕ್ಕಪಕ್ಕದವರು ಓಡಿ ಬಂದು ಹಿಡಿದುಕೊಂಡಾಗ ಏದುಸಿರು ಬಿಡುತ್ತಾ ಹೇಳಿದ:

"ನೀನೂ ಅಷ್ಟೆ, ಅವೂ ಅಷ್ಟೆ ಕಣಕ್ಕ. ಬಾಣಂತನಕ್ಕೆ ಅಂತ ಬಂದು ಇಲ್ಲೇ ಬೇರು ಬುಟ್ಟಿದ್ದೀರಿ."

ಬೆರಳು ನೋಯಲು ಶುರುವಾದದ್ದು ಬಸ್ಸಿನಲ್ಲಿ. ಈ ಮಾತು ನೋಯಿಸಿದ್ದು ಅಲ್ಲೇ, ಆಗಲೇ.

ಅರಣ್ಯ ಇಲಾಖೆಯವನು ವಿಚಾರಿಸಲು ಬಂದಾಗ ಊರಿಗೆ ಊರೇ ಗಾಳಿಗೆ ಕೊಂಬೆ ಮುರಿಯಿತು ಅಂದಿತಂತೆ. ನಾನೂ ಮಂಡ್ಯದ ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿಬಿದ್ದೆ ಅಂತಲೇ ಬರೆಸಿದೆ. ತಮ್ಮನ ಮೇಲೆ ಎಷ್ಟು ಪ್ರೀತಿ ನೋಡಿ ಅಂತ ನೆಂಟರು ಕಣ್ಣೊರೆಸಿಕೊಂಡರು. ಪ್ರೀತಿಯಂತೆ, ಮಣ್ಣಂತೆ. ಅವನನ್ನು ಪೊಲೀಸರು ಒಳಗೆ ಹಾಕಿಬಿಟ್ಟರೆ ನನ್ನ ಕೈಗೆ ಹೇಗೆ ಸಿಗುತ್ತಾನೆ?

ತಂತಿ ಹಾಕಿ, ಕಟ್ಟು ಕಟ್ಟಿ, ಬಿಚ್ಚಿದಾಗ ನನ್ನ ಬೆರಳುಗಳು ಒಣಗಿದ ಹುಣಸೆಕಾಯಿಯಂತೆ ಸೊಟ್ಟಗೆ ಗಟ್ಟಿಯಾಗಿದ್ದವು. ಚಮಚ ಹಿಡಿಯಲು ಬಾರದು. ಬೆರಳಿಗೆ ವ್ಯಾಯಾಮ ಮಾಡಿಸಲು ಒಬ್ಬಳು ಡಾಕ್ಟರಮ್ಮ ಇದ್ದಳು, ನನ್ನ ಮಗಳಿಗಿಂತ ಚಿಕ್ಕವಳು. ಒಂದು ರಬ್ಬರ್ ಚೆಂಡು ಕೊಟ್ಟು ಅಮುಕಿ ಅಂದಳು. ನೋವಿಗೆ ನಾನು ಅದನ್ನು ಗೋಡೆಗೆ ಎಸೆದೆ. ಅವಳು ಬೇಜಾರು ಮಾಡಿಕೊಳ್ಳದೆ, ಕೈ ಸರಿಹೋದ ಮೇಲೆ ಮೊದಲು ಏನು ಮಾಡಬೇಕು ಅಂತ ಆಸೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಮುಕಿ ಅಂದಳು.

"ಕುಯ್ಬೇಕು ಕಣವ್ವ," ಅಂದೆ.

ಅವಳ ಮುಖ ಅರಳಿತು. ಭತ್ತ ಕುಯ್ಯುವುದು ಅಂತ ತಿಳಿದುಕೊಂಡಳು, ಪಾಪ. ಸುಗ್ಗಿ ಹೊತ್ತಿಗೆ ಖಂಡಿತ ಕುಯ್ಯುತ್ತೀರಿ ಅಂತ ಭರವಸೆ ಕೊಟ್ಟಳು. ಆಮೇಲೆ ಪ್ರತಿ ಸಲ ಹೋದಾಗಲೂ, ಕುಯ್ಯೋ ಕೈ ಹೇಗಿದೆ ಅಂತಲೇ ಕೇಳುತ್ತಿದ್ದಳು. ನಾನೂ ತಲೆಯಾಡಿಸಿ, ಆಗ್ತಾ ಇದೆ ಅನ್ನುತ್ತಿದ್ದೆ.

ಚೆಂಡು ನನಗೆ ಒಗ್ಗಲಿಲ್ಲ. ಮಗಳು ಮಳವಳ್ಳಿಯ ಒಂದು ಶಾಲೆಯಲ್ಲಿ ಟೀಚರು. ಮಕ್ಕಳು ಬಳಸಿ ಬಿಟ್ಟ ಆಯಿಲ್ ಪೇಸ್ಟಲ್ ಡಬ್ಬವೊಂದನ್ನು ತಂದು ನನ್ನ ಮುಂದೆ ಇಟ್ಟಳು. ಪೆನ್ಸಿಲಿನ ಹಾಗಲ್ಲ, ಒತ್ತಿದರೇ ಬಣ್ಣ ಬರುವುದು, ಸುಮ್ಮನೆ ಬಾಯಿ ಮಾಡುವ ಬದಲು ಇದನ್ನು ಒತ್ತು ಕಣವ್ವ ಅಂದಳು. ಮೇಣ, ಎಣ್ಣೆ ಕಲಸಿದ ದಪ್ಪ ಕಡ್ಡಿಗಳು. ನಾನು ಮೊದಲ ದಿನವೇ ಮೂರನ್ನು ಮುರಿದೆ. ಗಿಣಿ ಬರೆಯಲು ಹೋದರೆ ಹಸಿರು ಚಪ್ಪಲಿಯಂತೆ ಬಂತು. ಮಗಳು ನಕ್ಕಳು, ಡಬ್ಬವನ್ನು ಅವಳ ಮೇಲೇ ಎಸೆದೆ.

ಆದರೆ ಒತ್ತುವುದರಲ್ಲಿ ಒಂದು ಸುಖ ಇತ್ತು, ಸುಳ್ಳು ಯಾಕೆ ಹೇಳಲಿ. ಕೆಂಪು ಕಡ್ಡಿಯನ್ನು ಅಂಗೈಗೆ ಕೊಟ್ಟು, ಬೆರಳು ಮಡಚದಿದ್ದರೂ ಇಡೀ ತೋಳಿನ ಭಾರ ಹಾಕಿ ಒತ್ತಿದರೆ ಅದು ಕಾಗದಕ್ಕೆ ಮಾಂಸದ ಹಾಗೆ ಅಂಟುತ್ತಿತ್ತು. ಕ್ಯಾಲೆಂಡರ್ ಹಾಳೆಯ ಮೇಲೆ ಬಣ್ಣ ಜಾರುತ್ತದೆ, ಸೀರೆ ಡಬ್ಬದ ಒರಟು ರಟ್ಟು ಚೆನ್ನಾಗಿ ಹಿಡಿಯುತ್ತದೆ ಅಂತ ಕಂಡುಕೊಂಡೆ. ಹತ್ತಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ ಉಜ್ಜಿದರೆ ಎರಡು ಬಣ್ಣ ಒಂದರೊಳಗೊಂದು ಸೇರುತ್ತವೆ. ಒಂದು ದಿನ ಡಬ್ಬವನ್ನು ಬಿಸಿಲಲ್ಲಿ ಮರೆತೆ. ಕಡ್ಡಿಗಳೆಲ್ಲ ಬೆಣ್ಣೆಯಾಗಿದ್ದವು. ಬೈದುಕೊಂಡು ಎತ್ತಿದರೆ, ಹಾಗೆ ಮೆತ್ತಗಾದಾಗಲೇ ಬಣ್ಣ ಗಾರೆಯಂತೆ ದಪ್ಪಗೆ ಕೂರುತ್ತದೆ ಅಂತ ಗೊತ್ತಾಯಿತು. ಹಳದಿ, ನೀಲಿ ಎಲ್ಲ ಬಳಿದು, ಮೇಲೆ ಕಪ್ಪು ಹಚ್ಚಿ ಮುಚ್ಚಿ, ಸೇಫ್ಟಿ ಪಿನ್ನಿನಿಂದ ಗೀರಿದರೆ ಗರಿಗಳು ಗಾಯದ ಹಾಗೆ ಬಿಚ್ಚಿಕೊಂಡು ಒಳಗಿನ ಬಣ್ಣ ತೋರಿಸುತ್ತವೆ. ಇದು ನನಗೆ ತುಂಬಾ ಹಿಡಿಸಿತು. ನೋಟವೂ ಚಂದ, ಗೀರುವುದೂ ಚಂದ.

ಹಿತ್ತಲ ಗೋಡೆಯ ಮೇಲೂ ಒಂದು ಗಿಣಿ ಬರೆದು ನೋಡಿದೆ. ಸಂಕ್ರಾಂತಿಗೆ ಆ ಗೋಡೆಗೆ ಸುಣ್ಣ ಹೊಡೆಸಿದರೆ ಗಿಣಿಯ ಮೇಲೆ ಮಾತ್ರ ಸುಣ್ಣ ನಿಲ್ಲಲೇ ಇಲ್ಲ. ಎಣ್ಣೆಯ ಮೇಲೆ ನೀರು ನಿಂತೀತೇ? ಒಣಗಿ ಹಕ್ಕಳೆಯೆದ್ದು ಉದುರಿ, ಗಿಣಿ ಮತ್ತೆ ಹಲ್ಲು ಕಿರಿಯಿತು. ಹಾಳಾಗಿ ಹೋಗು ಅಂತ ಬಿಟ್ಟೆ.

ಗದ್ದೆ ಕಡೆ ಹೋಗಿ ಹಕ್ಕಿ ನೋಡುವುದು ಚಟವಾಯಿತು. ಹಕ್ಕಿ ಅಂದರೆ ಸೌಮ್ಯ ಅಂತ ಯಾರು ಹೇಳಿದರೋ! ಮಿಂಚುಳ್ಳಿ ಮೀನನ್ನು ಹಿಡಿದು ಸುಮ್ಮನೆ ನುಂಗುವುದಿಲ್ಲ, ತಲೆಯನ್ನು ಕರೆಂಟು ಕಂಬಕ್ಕೆ ಚಚ್ಚಿ ಚಚ್ಚಿ, ಅದು ಒದ್ದಾಡುವುದು ನಿಂತ ಮೇಲೆ ನುಂಗುತ್ತದೆ. ಕೆಂಬೂತ ಪೊದೆಯೊಳಗೆ ನುಗ್ಗಿ ಬೇರೆಯವರ ಮರಿಯನ್ನು ಕಾಲು ಹಿಡಿದು ಎಳೆದು ತಂದು ಹರಿಯುತ್ತದೆ. ನೀಲಕಂಠ ಓತಿಕೇತವನ್ನು ಬಾಲ ಹಿಡಿದು ಬಡಿಯುತ್ತದೆ. ಬಣ್ಣ ಹೆಚ್ಚಿದ್ದಷ್ಟೂ ಕೊಲೆಗಡುಕತನ ಹೆಚ್ಚು ಅಂತ ನನಗೆ ಆಗ ಅನ್ನಿಸುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ಎಲ್ಲವನ್ನೂ ಹಾಗೇ ಬರೆದೆ, ಬಾಯಲ್ಲಿ ರಕ್ತದ ಸಮೇತ. ಡಾಕ್ಟರಮ್ಮ, ಮನೆಯಲ್ಲಿ ಕೈಗೆ ಏನು ಕೆಲಸ ಕೊಡುತ್ತೀರಿ ಅಂತ ಕೇಳಿದಾಗ, "ಅಕ್ಕಿ ಬರೀತೀನಿ" ಅಂದೆ. ಅಕ್ಕಿಯಾ ಅಂತ ಕಣ್ಣರಳಿಸಿದಳು. ಅಕ್ಕಿ ಕಾಳಿನ ಮೇಲೆ ಹೆಸರು ಬರೆಯುತ್ತಾರಲ್ಲ, ಅದು ಅಂದುಕೊಂಡಳು. ನಮ್ಮ ಬಾಯಲ್ಲಿ ಹಕ್ಕಿಯೂ ಅಕ್ಕಿಯೇ. ರಟ್ಟುಗಳನ್ನು ತಂದು ತೋರಿಸಿದ ಮೇಲೆ ಒಂದೊಂದನ್ನೇ ನೋಡಿ ಮೇಜಿನ ಮೇಲೆ ಬೋರಲು ಹಾಕಿದಳು.

ಹಕ್ಕಿ ಮುಗಿದ ಮೇಲೆ ಬಾಗಿಲ ಹಿಂದಿನ ಮಚ್ಚು ತೆಗೆಯುತ್ತಿದ್ದೆ. ಮೊದಮೊದಲು ಹಿಡಿಯೇ ಬೆರಳೊಳಗೆ ನಿಲ್ಲುತ್ತಿರಲಿಲ್ಲ, ಮಚ್ಚು ಜಾರಿ ಕಾಲ ಬಳಿ ಬೀಳುತ್ತಿತ್ತು. ಆಮೇಲೆ ನಿಂತಿತು. ಆಮೇಲೆ ಎತ್ತಲು ಬಂತು. ಬಾಳೆ ದಿಂಡಿಗೆ ಹೊಡೆದು ನೋಡಿದೆ, ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಚಳಿಗಾಲ ಕಳೆಯುವ ಹೊತ್ತಿಗೆ ದಿಂಡು ಎರಡಾಗಿ ಬಿತ್ತು. ಅವತ್ತು ಮಗಳಿಗೆ ಒಬ್ಬಟ್ಟು ಮಾಡಿ ಹಾಕಿದೆ, ಯಾಕೆ ಅಂತ ಅವಳಿಗೆ ಗೊತ್ತಿಲ್ಲ.

ಒಂದು ಹಕ್ಕಿ ಮಾತ್ರ ಬರಲಿಲ್ಲ. ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಕಿತ್ತಳೆ ಮುಖ, ರೆಕ್ಕೆಯ ಕಪ್ಪು ಪಟ್ಟೆ ಎಲ್ಲ ಬರುತ್ತಿತ್ತು. ಬಾಲದ ಹತ್ತಿರ ಅದಕ್ಕೊಂದು ಗುಲಾಬಿ ಬಣ್ಣ ಇದೆ, ಗೂಡು ಕಟ್ಟುವ ಕಾಲದಲ್ಲಿ ಇನ್ನೂ ಗಾಢವಾಗುತ್ತದೆ. ಅದು ಮಾತ್ರ ಕೂರುತ್ತಿರಲಿಲ್ಲ. ಡಬ್ಬದ ಗುಲಾಬಿ ಹಚ್ಚಿದರೆ ಜಾತ್ರೆಯ ಮಿಠಾಯಿಯಾಯಿತು. ಕೆಂಪಿಗೆ ಬಿಳಿ ಉಜ್ಜಿದರೆ ಪಕ್ಕದ ಕಪ್ಪು ಹೆಬ್ಬೆರಳಿಗೆ ಹತ್ತಿ ಎಲ್ಲ ಕೆಸರಾಯಿತು. ರಟ್ಟುಗಳನ್ನು ಹರಿದು ಒಲೆಗೆ ಹಾಕಿದೆ. ಹುಟ್ಟಿದಾಗಿನಿಂದ ನೋಡಿದ ಹಕ್ಕಿ, ಅದರ ಬಣ್ಣ ನನಗೆ ಬರುವುದಿಲ್ಲವೆಂದರೆ ಏನರ್ಥ! ಇದೂ ಅವನಿಂದಲೇ ಅಂದುಕೊಂಡೆ. ಆ ವರ್ಷ ಏನು ಕೆಟ್ಟರೂ ಅವನಿಂದಲೇ.

ದಿನ ಗೊತ್ತುಮಾಡಿಕೊಂಡೆ. ಯುಗಾದಿಯ ಮಾರನೆಯ ದಿನ, ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದ ಬಾಯಿಗೆ ಮಾರನೆಯ ದಿನ ಮಾಂಸ ಬೀಳಲೇಬೇಕು. ಅವತ್ತು ಇಡೀ ಮಂಡ್ಯ ಸೀಮೆಯಲ್ಲಿ ಮಚ್ಚು ಕೈಯಲ್ಲಿಲ್ಲದ ಮನೆ ಸಿಗುವುದಿಲ್ಲ. ನನ್ನ ಕೈಲೊಂದು ಇದ್ದರೆ ಯಾರು ಕೇಳುತ್ತಾರೆ? ಮಳವಳ್ಳಿಯಲ್ಲಿ ಸಾಣೆ ಹಿಡಿಸಲು ಹೋದರೆ ಆಗಲೇ ಮಚ್ಚುಗಳ ರಾಶಿ ಬಿದ್ದಿತ್ತು. ಹೊಸತೊಡಕಿಗಾ ಅಂತ ಕಮ್ಮಾರ ಕೇಳಿದ, ಹೂಂ ಅಂದೆ.

ಹಳೇ ಸೀರೆಯಲ್ಲಿ ಮಚ್ಚು ಸುತ್ತಿ ಚೀಲದ ತಳಕ್ಕೆ ಇಟ್ಟೆ. ಮಗಳಿಗೆ ಕೊಕ್ಕರೆ ನೋಡಿ ಬರೆದುಕೊಂಡು ಬರುತ್ತೇನೆ ಅಂದಿದ್ದರಿಂದ ಬಣ್ಣದ ಡಬ್ಬವನ್ನೂ ಹಾಕಿಕೊಂಡೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಮದ್ದೂರಿನ ತನಕ ಬಸ್ಸು ಫ್ರೀ. ಕೊಲೆ ಮಾಡಲು ಹೊರಟವಳಿಗೂ ಸರ್ಕಾರ ಟಿಕೆಟ್ಟು ಬಿಟ್ಟುಕೊಟ್ಟಿದೆಯಲ್ಲ ಅಂತ ನಗು ಬಂತು. ಕಿಟಕಿಯ ಬಿಸಿಲಿಗೆ ತೊಡೆಯ ಮೇಲಿನ ಚೀಲ ಸುಡುತ್ತಿತ್ತು.

ತವರಿನ ಮುಂದೆ ನಿಂತಾಗ ಮೊದಲು ಕಂಡದ್ದು ಬರೀ ಆಕಾಶ. ಮನೆಯ ಹಿಂದಿನಿಂದ ತಲೆ ಎತ್ತಿ ಕಾಣುತ್ತಿದ್ದ ಮರ ಇರಲಿಲ್ಲ. ಅಲ್ಲಿ ಹೊಳೆಯುವ ತಗಡಿನ ಶೆಡ್ಡು, ಒಳಗೆ ಕೋಳಿಗಳ ಗಲಾಟೆ. ತಗಡಿನ ತುದಿಯ ಮೇಲೆ ಒಂದು ಕೊಕ್ಕರೆ ನಿಂತಿತ್ತು. ಬಾಯಲ್ಲಿ ಕಡ್ಡಿ ಕಚ್ಚಿಕೊಂಡು, ಅದನ್ನು ಎಲ್ಲಿ ಇಡುವುದು ಅಂತ ಗೊತ್ತಾಗದೆ ಅತ್ತಿತ್ತ ಕತ್ತು ತಿರುಗಿಸುತ್ತಿತ್ತು. ಕಾದ ತಗಡಿಗೆ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತಿತ್ತು.

ತಮ್ಮ ಜಗುಲಿಯ ಮೇಲೆ, ಬಾಗಿಲ ಪಕ್ಕ ಕೂತು ಮಾಂಸ ಕೊಚ್ಚುತ್ತಿದ್ದ. ಹಬ್ಬಕ್ಕೆ ಸುಣ್ಣ ಹೊಡೆಸಿದ ಗೋಡೆ ಬೆನ್ನ ಹಿಂದೆ ಬೆಳ್ಳಗೆ ಹೊಳೆಯುತ್ತಿತ್ತು. ನನ್ನನ್ನು ಕಂಡು ಅವನ ಕೈ ನಿಂತಿತು. ನಾನು ಶೆಡ್ಡಿನ ಕಡೆ ನೋಡಿದ್ದನ್ನು ಕಂಡು, "ಅದಾಗೇ ಒಣಗೋಯ್ತು ಕಣಕ್ಕ," ಅಂದ.

ನಾನು ಅವನ ಮುಂದಿನ ಕೊರಡು ನೋಡಿದೆ. ಮಾಂಸ ಕೊಚ್ಚಲು ಹುಣಸೆ ಕೊರಡೇ ಬೇಕು, ಎಷ್ಟು ಹೊಡೆದರೂ ಸಿಬಿರು ಏಳುವುದಿಲ್ಲ. ಇದು ಹೊಸ ಕೊರಡು, ದಪ್ಪ ಬುಡದ್ದು. ಪಕ್ಕದಲ್ಲಿ ಬೈರಿಗೆಯಿಂದ ಕೊರೆದ ತೂತು ಇತ್ತು, ಒಳಗೆ ಕಪ್ಪಗೆ ಏನೋ ಕಚ್ಚಿಕೊಂಡಿತ್ತು. ಬಗ್ಗಿ ಮೂಸಿದೆ. ಮಾಂಸದ ವಾಸನೆಯ ಕೆಳಗೆ ಇಂಗಿನ ವಾಸನೆ. ಹಸಿ ಮರವನ್ನು ಸದ್ದಿಲ್ಲದೆ ಸಾಯಿಸಬೇಕಾದರೆ ನಮ್ಮ ಕಡೆ ಬುಡಕ್ಕೆ ತೂತು ಕೊರೆದು ಇಂಗು ತುಂಬುತ್ತಾರೆ. ಮರ ನಿಂತಲ್ಲೇ ಒಣಗುತ್ತದೆ, ಯಾರೂ ಕೇಸು ಹಾಕುವ ಹಾಗಿಲ್ಲ. ನಮ್ಮವ್ವನ ಮರ. ಅದರ ಮೇಲೇ ಹೊಸತೊಡಕಿನ ಮಾಂಸ ಕೊಚ್ಚುತ್ತಾ ಕೂತಿದ್ದಾನೆ.

ಮಚ್ಚಿನ ಮೇಲಿನ ಸೀರೆ ಬಿಚ್ಚುವಷ್ಟು ಪುರುಸೊತ್ತೂ ನನಗೆ ಇರಲಿಲ್ಲ. ಸುತ್ತಿದ ಹಾಗೇ ಎತ್ತಿ ಬೀಸಿದೆ. ಅವನ ಕತ್ತಿಗೇ ಬೀಸಿದ್ದು, ಇದರಲ್ಲಿ ಅನುಮಾನ ಬೇಡ. ಅವನು ತನ್ನ ಮಚ್ಚಿನ ಸಮೇತ ಪಕ್ಕಕ್ಕೆ ಉರುಳಿ ಹೊಸ್ತಿಲು ದಾಟಿದ. ನನ್ನ ಮಚ್ಚು ಸೀರೆಯನ್ನು ಸೀಳಿಕೊಂಡು, ಅವನ ಕಿವಿ ಇದ್ದ ಎತ್ತರಕ್ಕೆ, ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಮೊಣಕೈ ತನಕ ಬೆಂಕಿ ಹತ್ತಿದ ಹಾಗಾಯಿತು. ಬಾಗಿಲು ದಢಾರನೆ ಮುಚ್ಚಿ ಒಳಗಿನಿಂದ ಅಗುಳಿ ಬಿತ್ತು. ನಾನು ಮಚ್ಚು ಎಳೆದೆ, ಬರಲಿಲ್ಲ. ಕಾಲು ಕೊಟ್ಟು ಎಳೆದೆ. ವರ್ಷವೆಲ್ಲ ಒತ್ತುವುದನ್ನೇ ಕಲಿತ ಕೈ ಅದು, ಕೀಳುವ ಶಕ್ತಿ ಅದಕ್ಕೆ ಬಂದೇ ಇರಲಿಲ್ಲ.

ಕಿಟಕಿಯಿಂದ ಅವನ ಹೆಂಡತಿ ಬೊಬ್ಬೆ ಹಾಕುತ್ತಿದ್ದಳು. ಬೀದಿಯವರು ಬಂದು ದೂರದಲ್ಲೇ ನಿಂತರು. ಬಾಗಿಲಿಗೆ ಒದ್ದೆ, ಕೊರಡನ್ನು ಒದ್ದೆ, ಮಾಂಸ ನೆಲಕ್ಕೆ ಚೆಲ್ಲಿತು. ಕೈಗೆ ಇನ್ನೇನೂ ಸಿಗದೆ ಚೀಲ ಕೊಡವಿದರೆ ಬಣ್ಣದ ಡಬ್ಬ ಬಿತ್ತು. ಬಿಸಿಲಿಗೆ ಕಡ್ಡಿಗಳೆಲ್ಲ ಮೆತ್ತಗಾಗಿದ್ದವು. ನನ್ನ ಹಿತ್ತಲಲ್ಲಿ ಹಲ್ಲು ಕಿರಿದ ಗಿಣಿ ನೆನಪಾಯಿತು.

ಆ ಬಿಳಿ ಗೋಡೆಯ ಮೇಲೆ ಕೈ ಎಟುಕುವಷ್ಟು ಎತ್ತರದಿಂದ ಶುರು ಮಾಡಿದೆ. ಹಳದಿ ಕಡ್ಡಿ ಪೂರ್ತಿ ಕೊಕ್ಕಿಗೇ ಸವೆಸಿದೆ. ಕಿತ್ತಳೆಯನ್ನು ಮುಖಕ್ಕೆ ಅರೆದೆ. ಮೈ ಬಿಳಿಗೆ ಅವನ ಸುಣ್ಣವೇ ಇತ್ತು. ಗುಲಾಬಿಯ ಹತ್ತಿರ ಬಂದಾಗ ತಿರುಗಿ ತಗಡಿನ ಮೇಲಿನ ಹಕ್ಕಿಯನ್ನು ನೋಡಿದೆ, ಅದು ಇನ್ನೂ ಕಡ್ಡಿ ಬಿಟ್ಟಿರಲಿಲ್ಲ. ಬಿಳಿ, ಕೆಂಪು ಎರಡನ್ನೂ ಒಟ್ಟಿಗೆ ಹಿಡಿದು ಒತ್ತಿದೆ. ಸೇರಿಸಲು ಎಣ್ಣೆ ಇರಲಿಲ್ಲ. ನೆಲದಿಂದ ಒಂದು ಮುಷ್ಟಿ ನೆಣ ಎತ್ತಿ, ರಕ್ತದ ಸಮೇತ, ಹೆಬ್ಬೆರಳಿನಿಂದ ಉಜ್ಜಿದೆ. ವರ್ಷವೆಲ್ಲ ಬಾರದ ಬಣ್ಣ ಗೋಡೆಯ ಮೇಲೆ ಮೂಡಿತು. ಕಪ್ಪನ್ನು ಕೊನೆಗೆ ಹಾಕಿ, ಸೆರಗಿನ ಪಿನ್ನು ಬಿಚ್ಚಿ ಗಾರೆ ಕಿತ್ತು ಬರುವಂತೆ ಗರಿ ಗೀರಿದೆ. ಅಳುತ್ತಿದ್ದೆ ಅಂತ ಆಮೇಲೆ ಬೀದಿಯವರು ಹೇಳಿದರಂತೆ. ಬೈಯುತ್ತಿದ್ದುದು ಮಾತ್ರ ನನಗೆ ನೆನಪಿದೆ. ಡಬ್ಬದಲ್ಲಿ ಏನೂ ಉಳಿಯದೆ ಹೋದಾಗ ಕೈ ಒರೆಸಿಕೊಂಡು ಬಸ್ಸಿಗೆ ಹೊರಟೆ. ಯಾರೂ ತಡೆಯಲಿಲ್ಲ.

ಮುಂದಿನ ಸಲ ಡಾಕ್ಟರಮ್ಮ, ಕುಯ್ದಿರಾ ಅಂತ ಕೇಳಿದಳು. ಇಲ್ಲ ಕಣವ್ವ, ತಪ್ಪಿಹೋಯ್ತು ಅಂದೆ. ಮಳೆ ಸರಿಯಾಗಲಿಲ್ಲವೇನೋ ಅಂತ ಅವಳೇ ಸಮಾಧಾನ ಹೇಳಿದಳು.

ಗೌರಿ ಹಬ್ಬ ಹತ್ತಿರ ಬಂತು. ಆ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಇಲ್ಲವೇ ತವರಿನವರು ಕರೆಯಬೇಕು. ನಾನು ಅದನ್ನೆಲ್ಲ ಮರೆತು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಾಗ ಫೋನು ಬಂತು. ತಮ್ಮನದು. ಅಷ್ಟೂ ತಿಂಗಳಲ್ಲಿ ಮೊದಲ ಸಲ. ಎಡಗೈಯಲ್ಲಿ ಎತ್ತಿ ಕಿವಿಗೆ ಹಿಡಿದೆ. ಹಿಂದೆ ಕೋಳಿಗಳ ಸದ್ದು ಕೇಳುತ್ತಿತ್ತು.

"ಅಕ್ಕ, ಗೋಡೆ ಮ್ಯಾಲಿರದು ಓಯ್ತಾನೇ ಇಲ್ಲ ಕಣಕ್ಕ," ಅಂದ. "ಸುಣ್ಣ ಬಳುದಂಗೆಲ್ಲ ಉದುರ್ಕೊಂಡು ಎದ್ದು ಬತ್ತದೆ. ಕೆರೆದ್ರೂ ಓಯ್ತಿಲ್ಲ. ಅಬ್ಬಕ್ಕೆ ಏನ್ ಮಾಡ್ಲಿ?"

ಮೊರ ಕೆಳಗಿಟ್ಟೆ. ಫೋನನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡೆ. ಬೆರಳುಗಳು ಮಡಚಿ ಗಟ್ಟಿಯಾಗಿ ಹಿಡಿದವು.

"ಏನೂ ಮಾಡ್ಬೇಡ ಕಣ್ಲಾ," ಅಂದೆ. "ಬಾಣಂತನಕ್ಕೆ ಅಂತ ಬಂದಿತ್ತು. ಅಲ್ಲೇ ಬೇರು ಬುಟ್ಟದೆ."